ಕೊಯ್ಲಿನ ವಾರದ ತಲೆಯೆಣಿಕೆ

ಸೆಪ್ಟೆಂಬರ್ 17, 2012. ಸೋಮವಾರ

ನನ್ನ ಹೆಸರು ಒಟ್ಟಾವಿಯಾ ರವಿನಾಲೆ. ವಯಸ್ಸು ಎಪ್ಪತ್ತೇಳು. ಮೊಂಟೆರೊವೆ ಗುಡ್ಡದ ದಕ್ಷಿಣದ ಇಳಿಜಾರೆಲ್ಲ ನಮ್ಮ ಮನೆತನದ ದ್ರಾಕ್ಷಿ ತೋಟ. ಗಂಡ ತೀರಿಕೊಂಡ ಮೇಲೆ ಮೂವತ್ತಮೂರು ಕೊಯ್ಲುಗಳನ್ನು ನಾನೇ ನಿಂತು ಮಾಡಿಸಿದ್ದೇನೆ. ಈ ಊರಲ್ಲಿ ಹೈಸ್ಕೂಲು ಮುಗಿಸಿದ ಮೊದಲ ಹೆಂಗಸು ನಾನು. ಪಾದ್ರಿಗಳು ಬದಲಾಗುತ್ತಾರೆ, ಮೇಯರುಗಳು ಬದಲಾಗುತ್ತಾರೆ. ಚರ್ಚಿನ ಮುಂದಿನ ಬೆಂಚಿನಲ್ಲಿ ನಾನು ಕೂರುವ ಜಾಗ ಬದಲಾಗಿಲ್ಲ.

ಇದೆಲ್ಲ ನನಗೆ ಗೊತ್ತಿರುವುದೇ. ಆದರೂ ಬರೆದಿಡುತ್ತಿದ್ದೇನೆ, ಏಕೆಂದರೆ ಕಳೆದ ವಾರ ಮನೆಗೆ ಬಂದವರೆಲ್ಲ ಅದನ್ನು ಮರೆತವರಂತೆ ಮಾತಾಡಿದರು.

ನಮ್ಮ ಕಣಿವೆಯ ರೈಲು ಹುಟ್ಟಿ ಈ ವರ್ಷಕ್ಕೆ ನೂರು ವರ್ಷವಂತೆ. ಸತ್ತು ಇಪ್ಪತ್ತೇಳು ವರ್ಷವಾಯಿತು. ಹಳಿ ಕಿತ್ತು ಗುಜರಿಗೆ ಹಾಕಿ, ಸ್ಟೇಷನ್ನಿನ ಬಾಗಿಲು ಕಿಟಕಿಗಳನ್ನು ಕದ್ದು ತಮ್ಮ ಕೋಳಿಗೂಡಿಗೆ ಹಾಕಿಕೊಂಡವರೇ ಈಗ ಸಮಿತಿ ಕಟ್ಟಿಕೊಂಡು ಹುಟ್ಟುಹಬ್ಬ ಮಾಡಲು ಹೊರಟಿದ್ದಾರೆ. ಒಂದು ಪುಸ್ತಕ ಬರುತ್ತದೆ. ಹಳಿ ಇದ್ದ ಜಾಗದಲ್ಲಿ ಸೈಕಲ್ ಹಾದಿ ಬರುತ್ತದೆ. ಮೈಗಂಟಿದ ಬಟ್ಟೆ ತೊಟ್ಟ ಜರ್ಮನ್ನರು ಬರುತ್ತಾರೆ. ಸಮಿತಿಯ ಅಧ್ಯಕ್ಷ ನನ್ನ ಮಗ ದಾಲ್ಮಾಸೊ.

ಈ ರೈಲಿಗೆ ಜಾಗ ಬಿಟ್ಟುಕೊಟ್ಟವರು ನನ್ನ ಗಂಡನ ತಾತ. ರೈಲು ನಿಂತ ದಿನ ಜಾಗ ಮನೆತನಕ್ಕೆ ವಾಪಸು ಎಂದು ಪತ್ರದಲ್ಲಿ ಬರೆಸಿದ್ದರು. ಹಾಗಾಗಿ ಆ ಪಟ್ಟಿ ನೆಲವೂ, ರಸ್ತೆ ಹಳಿ ದಾಟುವಲ್ಲಿ ಗೇಟು ಕಾಯುವವರಿಗೆಂದು ಕಟ್ಟಿದ ಗೇಟಿನ ಮನೆಯೂ ಈಗ ನನ್ನವು. ನೆಲ ಊರಿಗೆ ಬೇಕು. ಗೇಟಿನ ಮನೆ ದಾಲ್ಮಾಸೊಗೆ ಬೇಕು. ಸೈಕಲ್ಲಿನವರನ್ನು ಅಲ್ಲಿ ಕೂರಿಸಿ ನಮ್ಮ ವೈನಿನ ರುಚಿ ತೋರಿಸುತ್ತಾನಂತೆ. ನವೆಂಬರ್ ಹನ್ನೊಂದು, ಸಂತ ಮಾರ್ಟಿನನ ದಿನದೊಳಗೆ ನಾನು ಸಹಿ ಹಾಕಬೇಕು.

ಆ ಮನೆಯಲ್ಲಿ ಗೇಟಿನವಳು ಇದ್ದಾಳೆ. ರೈಲು ಇದ್ದಾಗಿನಿಂದ ಇದ್ದಾಳೆ. ನಿಂತ ಮೇಲೂ ಇರಲಿ ಎಂದು ಬಿಟ್ಟಿದ್ದೆ. ಊರು ಅದನ್ನು ನನ್ನ ದೊಡ್ಡ ಮನಸ್ಸು ಎನ್ನುತ್ತದೆ. ನಾನು ಇಲ್ಲ ಎನ್ನಲು ಹೋಗಿಲ್ಲ.

ಸಹಿ ಹಾಕುತ್ತೇನೆ. ನಮ್ಮ ಕಡೆ ಗೇಣಿ ಮುಗಿದ ಪಾಲಿನ ರೈತರು ಗಾಡಿಗೆ ಮಂಚ ಹೇರಿಕೊಂಡು ಮನೆ ಬಿಡುತ್ತಿದ್ದದ್ದು ಸಂತ ಮಾರ್ಟಿನನ ದಿನವೇ. ಅವಳೂ ಬಿಡಲಿ.

ಸೆಪ್ಟೆಂಬರ್ 20

ಎವಾಸಿಯೊ ಮೇಷ್ಟ್ರು ಬಂದಿದ್ದರು. ನಲವತ್ತು ವರ್ಷ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವರು ನಿವೃತ್ತರಾದ ಮೇಲೆ ಇತಿಹಾಸಕಾರರಾಗಿದ್ದಾರೆ. ಬೇರೆ ಗಂಡಸರು ಈ ವಯಸ್ಸಿನಲ್ಲಿ ಅಣಬೆ ಹುಡುಕಲು ಹೋಗುತ್ತಾರೆ, ಅದರಿಂದ ಊಟಕ್ಕಾದರೂ ಆಗುತ್ತದೆ. ಪುಸ್ತಕದ ಮೊದಲ ಭಾಗ ತಂದಿದ್ದರು. ಹಳೆಯದನ್ನೆಲ್ಲ ಬಲ್ಲವರು ನಾನೊಬ್ಬಳೇ ಉಳಿದಿದ್ದೇನಂತೆ, ತಿದ್ದಿಕೊಡಬೇಕಂತೆ. ಹಾಗೆ ಹೇಳುವಾಗ ಟೊಪ್ಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಓದಿದೆ. ರೈಲು ನಮ್ಮ ಗುಡ್ಡವನ್ನು ಬಳಸಿಕೊಂಡು ಹೋಗುವುದು ಎಂಜಿನಿಯರುಗಳ ಚಾಣಾಕ್ಷತನವಂತೆ. ಚಾಣಾಕ್ಷತನವಲ್ಲ, ಜಗಳ. ನನ್ನ ಗಂಡನ ತಾತನಿಗೆ ರೈಲು ತಮ್ಮ ನೆಲಮಾಳಿಗೆಯ ಬಾಗಿಲಿಗೇ ಬರಬೇಕಿತ್ತು, ಪೀಪಾಯಿಗಳನ್ನು ಉರುಳಿಸಿದರೆ ನೇರ ವ್ಯಾಗನ್ನಿಗೆ ಬೀಳುವಂತೆ. ಸಾಂತೊರ್ಸೊಲಾ ಊರಿನ ಡಾಕ್ಟರಿಗೆ ಸ್ಟೇಷನ್ನು ತಮ್ಮ ಮನೆಯ ಮುಂದಾಗಬೇಕಿತ್ತು. ಆರು ವರ್ಷ ಕಾಗದ ಬರೆದರು. ಕೊನೆಗೆ ರೈಲು ನಮ್ಮ ಗುಡ್ಡವನ್ನು ಸುತ್ತಿತು, ಸ್ಟೇಷನ್ನು ಎರಡೂ ಊರಿನಿಂದ ಅರ್ಧ ಗಂಟೆಯ ನಡಿಗೆಯಲ್ಲಿ, ಒಂದು ಬೀಟ್‌ರೂಟ್ ಹೊಲದ ನಡುವೆ ಎದ್ದಿತು. ಬೋರ್ಡಿನ ಮೇಲೆ ಎರಡೂ ಊರಿನ ಹೆಸರು. ಎಪ್ಪತ್ತಮೂರು ವರ್ಷ ಅಲ್ಲಿ ಇಳಿದವರೆಲ್ಲ ಕೇಳಿದ ಮೊದಲ ಪ್ರಶ್ನೆ, ಊರೆಲ್ಲಿದೆ ಎಂದು.

ಇನ್ನೊಂದು ಪುಟದಲ್ಲಿ, ರೈಲು ಎಷ್ಟು ನಿಧಾನವಾಗಿತ್ತೆಂದರೆ ಪ್ರಯಾಣಿಕರು ಇಳಿದು ದ್ರಾಕ್ಷಿ ಕಿತ್ತುಕೊಂಡು ಮತ್ತೆ ಹತ್ತುತ್ತಿದ್ದರು ಎಂದಿದೆ. ಮುಚ್ಚಿಹೋದ ಎಲ್ಲ ರೈಲಿಗೂ ಈ ಕಥೆ ಇದ್ದೇ ಇರುತ್ತದೆ. ನಮ್ಮ ಸಾಲಿನ ಒಂದು ಗೊಂಚಲನ್ನು ಯಾರಾದರೂ ಮುಟ್ಟಿದ್ದರೆ ನನ್ನ ಮಾವ ನಾಯಿ ಬಿಡುತ್ತಿದ್ದರು. ಅಡ್ಡಗೆರೆ ಎಳೆದೆ.

"ಜನಕ್ಕೆ ಇಷ್ಟ ಆಗುತ್ತೆ ಅಮ್ಮಾವ್ರೆ," ಎಂದರು ಮೇಷ್ಟ್ರು.

"ಜನಕ್ಕೆ ಸಕ್ಕರೆ ಬೆರೆಸಿದ ವೈನೂ ಇಷ್ಟ ಆಗುತ್ತೆ," ಎಂದೆ.

ಸೆಪ್ಟೆಂಬರ್ 25

ಕೊಯ್ಲು ಶುರುವಾಯಿತು. ಕೊಯ್ಯುವವರೆಲ್ಲ ಈಗ ಮ್ಯಾಸೆಡೋನಿಯಾದವರು. ಕೆಲಸ ಬಲ್ಲವರು, ಮಾತು ಕಮ್ಮಿ. ನನ್ನ ಊರಿನವರಿಗೆ ಬೆನ್ನು ಬಗ್ಗುವುದು ನಿಂತು ಇಪ್ಪತ್ತು ವರ್ಷವಾಯಿತು. ಅವರು ಈಗ ಸಮಿತಿಗಳಲ್ಲಿದ್ದಾರೆ.

ದಾಲ್ಮಾಸೊ ಗೇಟಿನವಳಿಗೆ ಮನೆ ಬಿಡುವ ವಿಷಯ ಹೇಳಿ ಬಂದ. ಅಳುತ್ತಾಳೆ, ಬೈಯುತ್ತಾಳೆ ಎಂದು ಹೆದರಿಕೊಂಡೇ ಹೋಗಿದ್ದನಂತೆ. ಅವಳು ಹುರುಳಿಕಾಯಿ ಬಿಡಿಸುತ್ತಿದ್ದಳಂತೆ, ತಲೆಯೆತ್ತದೆ "ಯಾವ ತಾರೀಕು?" ಎಂದಳಂತೆ. ಅಷ್ಟೇ. ಕನೆಲ್ಲಿಯಲ್ಲಿ ಅವಳ ತಂಗಿಯ ಮಗಳಿದ್ದಾಳೆ, ಎರಡು ಕೋಣೆಯ ಮನೆಯಲ್ಲಿ ಐದು ಜನ. ಅಲ್ಲಿಗೆ ಹೋಗುತ್ತಾಳಂತೆ.

ನನಗೆ ಆಶ್ಚರ್ಯವಾಗಲಿಲ್ಲ. ಅವಳಿಗೆ ತಾರೀಕು, ಗಂಟೆ, ನಿಮಿಷ ಬಿಟ್ಟು ಬೇರೇನೂ ಗೊತ್ತಿಲ್ಲ. ರೈಲು ಬರುವ ಮುಂಚೆ ಇಷ್ಟು ನಿಮಿಷ ಎಂದರೆ ಇಷ್ಟೇ ನಿಮಿಷ, ಗೇಟು ಬೀಳುತ್ತಿತ್ತು. ನಮ್ಮ ದ್ರಾಕ್ಷಿ ಗಾಡಿಗಳು ಬಿಸಿಲಲ್ಲಿ ಕಾಯುತ್ತಿದ್ದವು, ತಳದ ಹಣ್ಣು ಒಡೆದು ರಸ ರಸ್ತೆಗೆ ಸೋರುತ್ತಿತ್ತು. ಅವಳು ಬಾವುಟ ಹಿಡಿದು ನೆಟ್ಟಗೆ ನಿಂತಿರುತ್ತಿದ್ದಳು.

1979ರಲ್ಲಿ ನನ್ನ ಗಂಡನ ಶವಯಾತ್ರೆಯನ್ನೂ ನಿಲ್ಲಿಸಿದಳು. ಮುಂದೆ ಪಾದ್ರಿ, ಹಿಂದೆ ಇಡೀ ಊರು, ನಡುವೆ ಹೆಗಲ ಮೇಲೆ ಶವಪೆಟ್ಟಿಗೆ. ಖಾಲಿ ಪೀಪಾಯಿ ತುಂಬಿದ ನಾಲ್ಕು ವ್ಯಾಗನ್ನುಗಳು ಹಾದುಹೋಗಲೆಂದು ರವಿನಾಲೆ ಮನೆಯ ಯಜಮಾನ ಗೇಟಿನ ಮುಂದೆ ಕಾಯಬೇಕಾಯಿತು. ನಾನು ಅದನ್ನು ಮರೆತಿಲ್ಲ. ಮರೆಯುವ ಅಗತ್ಯವೂ ಕಾಣಿಸಿಲ್ಲ.

ಸೆಪ್ಟೆಂಬರ್ 29

ಮೇಷ್ಟ್ರ ಎರಡನೆಯ ಭಾಗ. ಮೊದಲಿಗಿಂತ ಕೊಂಚ ಮೇಲು. ಬೇರು ತಿನ್ನುವ ಹೇನು ಬಂದು ತೋಟಗಳೆಲ್ಲ ಒಣಗಿದ ಮೇಲೆ, ಕಸಿ ಕಟ್ಟುವ ಹೊಸ ಬೇರುಗಳು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಈ ರೈಲಿನಲ್ಲೇ ಬಂದವು ಎಂದು ಬರೆದಿದ್ದಾರೆ. ಅದು ನಿಜ, ಮಾವ ಹೇಳುತ್ತಿದ್ದರು. ಯುದ್ಧದಲ್ಲಿ ಸೇತುವೆಗೆ ಬಾಂಬು ಬಿದ್ದದ್ದು, ಎರಡು ವರ್ಷ ಜನ ಒಂದು ರೈಲಿನಿಂದ ಇಳಿದು ಹೊಳೆ ದಾಟಿ ಇನ್ನೊಂದು ರೈಲು ಹತ್ತಿದ್ದು, ಅದೂ ನಿಜ.

ಆಮೇಲೆ ಕಣ್ಣೀರು ಶುರು. "ಕಣಿವೆಯನ್ನು ಜಗತ್ತಿಗೆ ಜೋಡಿಸಿದ ಉಕ್ಕಿನ ದಾರ" ಅಂತೆ. ಜೋಡಿಸಿತೋ, ಬಸಿಯಿತೋ? ನನ್ನ ತೋಟದ ಒಳ್ಳೆಯ ಕೈಗಳೆಲ್ಲ ಸೋಮವಾರ ಬೆಳಗಿನ ರೈಲಿಗೆ ಟ್ಯೂರಿನ್ನಿನ ಕಾರ್ಖಾನೆಗೆ ಹೋದವು. ಮೊದಲು ಶನಿವಾರ ವಾಪಸು ಬರುತ್ತಿದ್ದರು, ಆಮೇಲೆ ಹಬ್ಬಕ್ಕೆ, ಆಮೇಲೆ ಮಣ್ಣಿಗೆ. ಆ ಸಾಲು ಹೊಡೆದುಹಾಕಿ ಇದನ್ನು ಅಂಚಿನಲ್ಲಿ ಬರೆದುಕೊಟ್ಟೆ.

ಒಂದು ಪುಟದಲ್ಲಿ ನನ್ನ ಬಗ್ಗೆಯೂ ಇದೆ. ಹೈಸ್ಕೂಲಿಗೆಂದು ಬೆಳಿಗ್ಗೆ ಆರೂವರೆಯ ರೈಲಿಗೆ ಅಸ್ತಿ ಪಟ್ಟಣಕ್ಕೆ ಹೋಗುತ್ತಿದ್ದ ಹುಡುಗಿ. ತಡವಾದ ದಿನ ಗುಡ್ಡದಿಂದ ಓಡಿ ಬರುವಾಗ ಗೇಟಿನ ಬಳಿ ಎಂಜಿನ್ನು ನಿಂತಿರುತ್ತಿತ್ತು ಎಂದು ಬರೆದಿದ್ದಾರೆ. ಯಾರು ಹೇಳಿದರೋ. ಆಗ ಗೇಟು ಕಾಯುತ್ತಿದ್ದವಳು ಇವಳ ತಾಯಿ. ತಾಯಿ ಬೇಡ ಎಂದರೂ ಕೆಂಪು ಬಾವುಟ ಕಿತ್ತುಕೊಂಡು ಹಳಿಯ ಮೇಲೆ ಬಂದು ನಿಲ್ಲುತ್ತಿದ್ದದ್ದು ಇವಳು. ಹನ್ನೆರಡು ವರ್ಷದವಳು. ಅದು ಆಗ. ನೌಕರಿ ಬಂದ ಮೇಲೆ ಯಾರಿಗೋಸ್ಕರವೂ ರೈಲು ನಿಲ್ಲಿಸಲಿಲ್ಲ.

ಈ ಪುಟ ಬೇಡ ಎಂದೆ.

ಅಕ್ಟೋಬರ್ 3

ಕೊನೆಯ ಅಧ್ಯಾಯ. ಅರವತ್ತೊಂದನೆಯ ಪುಟ, ರೈಲು ನಿಂತದ್ದು ಹೇಗೆ ಎಂದು.

1984ರ ಅಕ್ಟೋಬರಿನಲ್ಲಿ ರೈಲಿನವರು ಇಬ್ಬರನ್ನು ಕಳಿಸಿದ್ದರು. ಸೋಮವಾರದಿಂದ ಶನಿವಾರದವರೆಗೆ ಹತ್ತಿದವರನ್ನೆಲ್ಲ ಎಣಿಸಿದರು. ಅದು ಕೊಯ್ಲಿನ ವಾರ. ಶಾಲೆಯ ಮಕ್ಕಳೂ ತೋಟದಲ್ಲಿದ್ದರು. ಆರು ದಿನದಲ್ಲಿ ಮೊಂಟೆರೊವೆಯಿಂದ ಹತ್ತಿದವರು ಹದಿನಾಲ್ಕು ಜನ. ಅವರಲ್ಲಿ ಇಬ್ಬರು ಸನ್ಯಾಸಿನಿಯರು, ಒಬ್ಬ ಹಲ್ಲುನೋವಿನವನು, ಅವನು ಮೂರು ಸಲ ಹೋದ. ಮುಂದಿನ ವಸಂತಕ್ಕೆ ರೈಲು ನಿಲ್ಲಿಸಿದರು. ಮೇಷ್ಟ್ರು ಬರೆದಿದ್ದಾರೆ:

"ಎಣಿಕೆಯ ಸುದ್ದಿಯನ್ನು ರೈಲಿನ ಗಾರ್ಡು ಮೊದಲ ದಿನವೇ ತಿಳಿಸಿದ್ದರೂ ಗೇಟಿನ ಕಾವಲುಗಾರ್ತಿ ಸೆಕೊಂಡಿನಾ ಗವೆಲ್ಲೊ ಅದನ್ನು ಊರಿಗೆ ಮುಟ್ಟಿಸಲಿಲ್ಲ. ಆಕೆಯ ಅಸಡ್ಡೆಗೆ ಇಡೀ ಕಣಿವೆ ಬೆಲೆ ತೆತ್ತಿತು."

ಊರಿಗೆಲ್ಲ ಗೊತ್ತಿರುವ ವಿಷಯ. ಸರಿ ಎಂದು ಗುರುತು ಹಾಕಿ ಪುಟ ಕೊಟ್ಟುಕಳಿಸಿದೆ.

ಅಕ್ಟೋಬರ್ 4

ಮಂಜು. ಬರೆಯುವಂಥದ್ದೇನೂ ಇಲ್ಲ.

ಅಕ್ಟೋಬರ್ 9. ಮಂಗಳವಾರ

ಸೊಸೆ ಮಿರೆಲ್ಲಾ ನನ್ನ ತಟ್ಟೆ ನೋಡಿ, ಮೈಯಲ್ಲಿ ಹುಷಾರಿಲ್ಲವೇ ಎಂದು ಮೂರನೆಯ ಸಲ ಕೇಳಿದಳು. ಅವಳ ಅಡುಗೆ ತಿಂದೂ ನಾನು ಇಷ್ಟು ವರ್ಷ ಹುಷಾರಾಗಿದ್ದೇನೆ, ಅದಕ್ಕೆ ಅವಳು ಆಶ್ಚರ್ಯಪಡಬೇಕು.

ಬರೆಯುವಾಗ ಅರ್ಧ ಬರೆಯುವುದು ಮೇಷ್ಟ್ರ ಕೆಲಸ, ನನ್ನದಲ್ಲ. ಆದ್ದರಿಂದ ಆ ವಾರದ ವಿಷಯವನ್ನು ಇಲ್ಲಿ ಪೂರ್ತಿ ಬರೆದಿಡುತ್ತೇನೆ, ಲೆಕ್ಕ ಸರಿಯಿರಲಿ ಎಂದು ಮಾತ್ರ.

1984 ಕೆಟ್ಟ ವರ್ಷ. ಬೇಸಿಗೆಯಿಡೀ ಮಳೆ, ಬಾರ್ಬೆರಾ ದ್ರಾಕ್ಷಿ ಸಿಹಿಯೇ ಕಟ್ಟಿರಲಿಲ್ಲ, ಗೊಂಚಲಿನೊಳಗೆ ಬೂಷ್ಟು. ಅಕ್ಟೋಬರ್ ಮೊದಲ ವಾರದಲ್ಲಿ ಕೆಲವು ದಿನ ಒಣ ಹವೆ ಸಿಗುತ್ತದೆ, ಆಮೇಲೆ ಮತ್ತೆ ಮಳೆ ಎಂದು ರೇಡಿಯೋ ಹೇಳಿತು. ನನ್ನ ಅಂಗಳದಲ್ಲಿ ನಲವತ್ತೆರಡು ಜನ ಕೊಯ್ಯುವವರಿದ್ದರು, ಊರಿನ ಮನೆ ಮನೆಯಿಂದ ಬಂದವರು. ಕೊಯ್ಲಿನ ವಾರದಲ್ಲಿ ನಮ್ಮಲ್ಲಿ ಒಂದು ಪದ್ಧತಿ. ಯಾವ ಅಂಗಳದಲ್ಲಿ ಊಟವೋ ಆ ಅಂಗಳದ ಯಜಮಾನಿಯ ಮಾತು. ಸಾವಿರಲಿ, ಹೆರಿಗೆಯಿರಲಿ, ಸುದ್ದಿ ಮೊದಲು ಅವಳಿಗೆ ಬರಬೇಕು. ಅವಳು ಮಧ್ಯಾಹ್ನ ಊಟದ ಉದ್ದ ಮೇಜಿನ ತುದಿಯಲ್ಲಿ ನಿಂತು ಎಲ್ಲರಿಗೂ ಹೇಳಬೇಕು. ಹೊರಗಿನವರು ಬಂದು ಸಾಲುಗಳ ನಡುವೆ ಸುದ್ದಿ ಹೇಳಿ ಕೈ ನಿಲ್ಲಿಸುವಂತಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಗೇಟಿನವಳು ಬಂದಳು. ಎರಡು ರೈಲುಗಳ ನಡುವೆ ಅವಳಿಗೆ ಇದ್ದದ್ದು ನಲವತ್ತು ನಿಮಿಷ, ಗುಡ್ಡ ಹತ್ತಿ ಇಳಿಯಲು ಅಷ್ಟೂ ಬೇಕು. ಏದುಸಿರು ಬಿಡುತ್ತಿದ್ದಳು. ಎಣಿಸುವವರು ಬಂದಿದ್ದಾರೆ, ಶನಿವಾರದವರೆಗೆ ಇರುತ್ತಾರೆ, ಪ್ರತಿಯೊಬ್ಬರೂ ಒಂದು ಸಲ ಅಸ್ತಿಗೆ ಹೋಗಿ ಬಂದರೆ ಸಾಕು, ರೈಲು ಉಳಿಯುತ್ತದೆ ಎಂದಳು. ಹೇಳುತ್ತೇನೆ, ನೀನು ಹೋಗು ಎಂದೆ. ಅವಳು ಹೋದಳು. ಪದ್ಧತಿ ಅವಳಿಗೂ ಗೊತ್ತಿತ್ತು.

ನಾನು ಹೇಳಲಿಲ್ಲ. ಮರೆತೆ ಎಂದು ಬರೆಯಬಹುದು. ಮರೆತಿರಲಿಲ್ಲ. ಆರು ದಿನವೂ ಮೇಜಿನ ತುದಿಯಲ್ಲಿ ನಿಂತು ಯಾವ ಸಾಲು ಯಾರಿಗೆ ಎಂದು ಹೇಳಿದೆ, ಇದನ್ನು ಹೇಳಲಿಲ್ಲ. ದ್ರಾಕ್ಷಿ ಉಳಿಯಿತು. ಅದರಿಂದ ಬಂದ ವೈನು ಹುಳಿ ನೀರಿನಂತಿತ್ತು, ಅರ್ಧ ವಿನೆಗರ್ ಮಾಡುವವರಿಗೆ ಮಾರಿದೆವು.

ವಸಂತದಲ್ಲಿ ಸ್ಟೇಷನ್ನಿನ ಬಾಗಿಲಿಗೆ ಕಾಗದ ಅಂಟಿಸಿದ ಮೇಲೆ, ಚರ್ಚಿನ ಮೆಟ್ಟಿಲ ಮೇಲೆ ಬೇಕರಿಯವನು, ಎಣಿಸುತ್ತಾರೆ ಎಂದು ಯಾರಿಗೂ ಗೊತ್ತಿರಲಿಲ್ಲವೇ ಎಂದ. ಎಲ್ಲರೂ ನನ್ನ ಕಡೆ ನೋಡಿದರು. ನನಗಂತೂ ಯಾರೂ ಹೇಳಲಿಲ್ಲ ಎಂದೆ. ಅಷ್ಟೇ ಮಾತು. ಉಳಿದದ್ದನ್ನು ಊರು ತಾನೇ ಮಾಡಿಕೊಂಡಿತು. ಅವಳಿಗೆ ನಮಸ್ಕಾರ ಹೇಳುವುದನ್ನು ಬಿಟ್ಟಿತು, ಹಬ್ಬದ ಊಟಕ್ಕೆ ಕರೆಯುವುದನ್ನು ಬಿಟ್ಟಿತು. ಅವಳು ಭಾನುವಾರದ ಪೂಜೆಗೆ ಸಾಂತೊರ್ಸೊಲಾಕ್ಕೆ ನಡೆದು ಹೋಗತೊಡಗಿದಳು. ಇಪ್ಪತ್ತೇಳು ವರ್ಷದಿಂದ ಹೋಗುತ್ತಿದ್ದಾಳೆ. ಊರು ಮಾಡಿದ್ದಕ್ಕೆ ನಾನು ಹೊಣೆಯಲ್ಲ.

ಇಷ್ಟೇ ವಿಷಯ.

ಅಕ್ಟೋಬರ್ 21. ಭಾನುವಾರ

ಗೇಟಿನ ಮನೆಯ ಮಾಡು ಸೋರುತ್ತದೆಯೇ ನೋಡಿ ಬರೋಣವೆಂದು ಹೋದೆ. ನನ್ನ ಆಸ್ತಿ, ನೋಡಬೇಕಾದವಳು ನಾನೇ.

ಮಾಡು ಗಟ್ಟಿಯಾಗಿದೆ. ಗೋಡೆಯ ಕೆಂಪು ಬಣ್ಣ ಮಾಸಿದೆ, ಬಾಗಿಲ ಮೇಲಿನ ಕಿಲೋಮೀಟರ್ ಸಂಖ್ಯೆಗೆ ಮಾತ್ರ ಯಾರೋ ಹೊಸದಾಗಿ ಬಿಳಿ ಬಳಿದಿದ್ದಾರೆ. ಒಳಗೆ ಎಲ್ಲ ಕಟ್ಟಿಟ್ಟಿದ್ದಾಳೆ. ಮಂಚ ಬಿಚ್ಚಿ ಗೋಡೆಗೆ ಒರಗಿಸಿದೆ. ಇನ್ನೂ ಮೂರು ವಾರವಿದೆ, ಇವಳು ನೆಲದ ಮೇಲೆ ಮಲಗುತ್ತಿದ್ದಾಳೆ.

"ಕೂತ್ಕೊಳಿ ಅಮ್ಮಾವ್ರೆ," ಎಂದಳು. "ಕುರ್ಚಿ ಒಂದೇ ಉಳ್ದಿರೋದು. ನನಗೆ ನಿಂತು ಅಭ್ಯಾಸ."

ಚಳಿಗಾಲ ಮುಗಿಯುವವರೆಗೆ ಬೇಕಾದರೆ ಇರಬಹುದು ಎಂದೆ.

"ಹೋಗು ಅಂದ್ರಿ, ಹೊರಟಿದೀನಿ. ಇರು ಅಂದ ತಕ್ಷಣ ಇರೋಕೆ ನಾನೇನು ನಿಮ್ಮನೆ ಕೋಳಿನಾ?"

ಹೀಗೆ ನನ್ನ ಜೊತೆ ಮಾತಾಡುವವರು ಯಾರೂ ಉಳಿದಿಲ್ಲ. ನಾನು ಕೂತೆ. ಆಮೇಲೆ, ಬಾಯಿಯಿಂದ ಹೇಗೆ ಬಂತೋ, ನನ್ನ ಹತ್ತಿರ ಬಂದು ಹೇಳಿದ್ದೆ ಎಂಬುದನ್ನು ನೀನು ಯಾಕೆ ಊರಿಗೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳ್ದೆ. ಬೇಕರೀಲಿ ಹೇಳ್ದೆ, ಪಾದ್ರಿಗೆ ಹೇಳ್ದೆ, ಮೇಷ್ಟ್ರಿಗೂ ಹೇಳ್ದೆ. ರವಿನಾಲೆ ಅಮ್ಮಾವ್ರು ಸುಳ್ಳು ಹೇಳ್ತಾರಾ ಅಂದ್ರು. ನಿಮ್ಮ ಮನೇಲಿ ಇದ್ಕೊಂಡು ನಿಮಗೆ ಎದುರು ಎಷ್ಟು ದಿನ ಕೂಗಲಿ? ಸುಮ್ನಾದೆ."

"ನನ್ನ ಗಂಡನ್ನ ಗೇಟಲ್ಲಿ ಕಾಯಿಸ್ದೆ ನೀನು. ಇಡೀ ಊರಿನ ಮುಂದೆ."

"ಹನ್ನೊಂದು ನಿಮಿಷ. ಅವತ್ತು ಗೇಟ್ ಎತ್ತಿದ್ದಿದ್ರೆ ಶವಪೆಟ್ಟಿಗೆ ಒಂದಲ್ಲ, ಹತ್ತು ಬೇಕಾಗ್ತಿತ್ತು." ಆಮೇಲೆ ನನ್ನ ಮುಖ ನೋಡಿ ಕೇಳಿದಳು, "ಅದಕ್ಕಾ ಅಮ್ಮಾವ್ರೆ? ಅದಕ್ಕೆ ಹೇಳಲಿಲ್ವಾ?"

ದ್ರಾಕ್ಷಿ ಕೊಳೆಯುತ್ತಿತ್ತು, ಅದಕ್ಕೆ ಎಂದೆ. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ನನಗೇ ತಿಳಿಯಲಿಲ್ಲ.

ಹೊರಡುವಾಗ ಬಾಗಿಲವರೆಗೆ ಬಂದಳು. "ಮನೆ ನಿಮ್ದು, ಯಾರಿಗೆ ಬೇಕಾದ್ರೂ ಕೊಡಿ. ಹೆಸರು ನನ್ದು. ಅದನ್ನ ಪುಸ್ತಕಕ್ಕೆ ಹಾಕ್ತಾರಂತೆ. ಮಾತಾದ್ರೆ ಆಡಿದೋರ ಜೊತೆ ಮಣ್ಣಿಗೆ ಹೋಗುತ್ತೆ. ಪುಸ್ತಕ ನಾನು ಸತ್ತ ಮೇಲೂ ಇರುತ್ತೆ."

ಅಕ್ಟೋಬರ್ 23

ಸೊಕ್ಕು. ಕಷ್ಟದಲ್ಲಿದ್ದಾಗಲೂ ಬಗ್ಗುವುದಿಲ್ಲ, ಕೊಟ್ಟದ್ದನ್ನು ತೆಗೆದುಕೊಳ್ಳುವುದಿಲ್ಲ, ಮೂವತ್ತು ವರ್ಷವಾದರೂ ಮರೆಯುವುದಿಲ್ಲ. ಇಂಥ ಹೆಂಗಸನ್ನು ಈ ಊರಲ್ಲಿ ನಾನು ಇನ್ನೊಬ್ಬಳನ್ನು ಕಂಡಿಲ್ಲ.

ಅಕ್ಟೋಬರ್ 30. ಮಂಗಳವಾರ

ಮೇಷ್ಟ್ರನ್ನು ಕರೆಸಿದೆ. ಅರವತ್ತೊಂದನೆಯ ಪುಟದಿಂದ ಆ ಎರಡು ಸಾಲು ತೆಗೆಯಿರಿ ಎಂದೆ.

ಅವರು ಟೊಪ್ಪಿ ತಿರುಗಿಸಿದರು. ಪುಸ್ತಕ ಅಚ್ಚಿನ ಮನೆಗೆ ಹೋಗಿದೆಯಂತೆ. ಅದೂ ಅಲ್ಲದೆ ಸಾಲು ತೆಗೆದರೆ ಅಲ್ಲಿ ತೂತು ಬೀಳುತ್ತದಂತೆ. ಪಕ್ಕದ ಕಣಿವೆಯಲ್ಲೂ ಅದೇ ವಾರ ಎಣಿಸಿದ್ದರು, ಅವರದೂ ಕೊಯ್ಲಿನ ವಾರವೇ. ಆದರೆ ಅವರಿಗೆ ಸುದ್ದಿ ಮುಟ್ಟಿತ್ತು. ಅಜ್ಜಿಯರನ್ನು, ಕಂಕುಳ ಮಕ್ಕಳನ್ನು, ಬ್ಯಾಂಡಿನವರನ್ನು, ಎಲ್ಲರನ್ನೂ ರೈಲು ಹತ್ತಿಸಿದರು. ಅವರ ರೈಲು ಇನ್ನೂ ಹದಿನೈದು ವರ್ಷ ಓಡಿತು. ನಮ್ಮದು ಯಾಕೆ ನಿಂತಿತು ಎಂದು ಓದುವವರು ಕೇಳುವುದಿಲ್ಲವೇ?

ಹದಿನೈದು ವರ್ಷ. ಇದು ನನಗೆ ಗೊತ್ತಿರಲಿಲ್ಲ. ಹದಿನೈದು ವರ್ಷದಲ್ಲಿ ಈ ಊರಿನ ಎಷ್ಟು ಹುಡುಗಿಯರು ಆರೂವರೆಯ ರೈಲಿಗೆ ಹೈಸ್ಕೂಲಿಗೆ ಹೋಗಬಹುದಿತ್ತು ಎಂದು ಸುಮ್ಮನೆ ಎಣಿಸಲು ಹೋದೆ. ಮೂವತ್ತರ ಹತ್ತಿರ ಬಂದಾಗ ಬಿಟ್ಟೆ.

ಸುದ್ದಿ ನನ್ನ ಹತ್ತಿರ ಬಂದಿತ್ತು, ನಿಲ್ಲಿಸಿದವಳು ನಾನು, ಹಾಗೆಂದು ಬರೆಯಿರಿ ಎಂದೆ.

ಮೇಷ್ಟ್ರಿಗೆ ಆಶ್ಚರ್ಯವಾಗಲಿಲ್ಲ. ಅದೇ ನನಗೆ ಆಶ್ಚರ್ಯ. "ಸೆಕೊಂಡಿನಾ ನನಗೆ ಆಗ್ಲೇ ಹೇಳಿದ್ಲು ಅಮ್ಮಾವ್ರೆ," ಎಂದರು. "ಆದ್ರೆ ನೀವು ಇಲ್ಲ ಅಂದಿದ್ರಿ. ಇನ್ನೇನ್ ಮಾಡ್ಲಿ? ನಿಮ್ಮ ಮಗ ಅಧ್ಯಕ್ಷರು, ಪುಸ್ತಕ ಅವರ ಸಮಿತಿ ಹೆಸರಲ್ಲಿ ಬರ್ತಿದೆ. ಅದನ್ನ ನಾನು ಬರೆಯೋಕಾಗಲ್ಲ."

ಗೊತ್ತಿದ್ದೂ ಬರೆದಿದ್ದಾರೆ. ಮಕ್ಕಳಿಗೆ ನಲವತ್ತು ವರ್ಷ ನಿಜ ಹೇಳಿ ಎಂದು ಪಾಠ ಮಾಡಿದವರು. ಹೊರಗೆ ಹೋಗಿ ಎಂದೆ, ಕಾಫಿಯನ್ನೂ ಕೊಡಲಿಲ್ಲ. ಅವರು ಹೋದ ಮೇಲೆ ಅನ್ನಿಸಿತು, ಆ ಮನುಷ್ಯನಿಗೆ ಹೆದರಲು ಕಲಿಸಿದ್ದು ಯಾರು? ಅನ್ನಿಸಿತು ಅಷ್ಟೇ.

ಊಟದಲ್ಲಿ ದಾಲ್ಮಾಸೊಗೆ ಹೇಳಿದೆ. ಮುಖ ಕೆಂಪಗಾಯಿತು. "ಅಮ್ಮ, ಬಾಟಲಿ ಮೇಲೆ ಇರೋದು ನಮ್ಮ ಹೆಸರು. ಮೇಯರ್ ಬರ್ತಾರೆ, ಪತ್ರಿಕೆಯೋರು ಬರ್ತಾರೆ. ಯಾವತ್ತೋ ಸತ್ತ ರೈಲಿಗೋಸ್ಕರ ನೀನು ಎದ್ದು ನಿಂತು ತಪ್ಪು ಒಪ್ಕೋತೀಯಾ? ಆ ಮುದುಕಿಗೆ ಏನು, ಇನ್ನೆರಡು ವರ್ಷ."

ಆ ಮುದುಕಿ ನನಗಿಂತ ಮೂರು ವರ್ಷ ಚಿಕ್ಕವಳು ಎಂದೆ.

ಅಚ್ಚಿನ ಮನೆಗೆ ಕರೆದುಕೊಂಡು ಹೋಗು ಎಂದರೆ ಕಾರು ಕೆಟ್ಟಿದೆ ಎಂದ. ಅವನ ಅಪ್ಪನಿಗೂ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಈ ಮನೆಯಲ್ಲಿ ನನಗೊಬ್ಬಳಿಗೆ.

ನವೆಂಬರ್ 5. ಸೋಮವಾರ

ಬಸ್ಸಿನಲ್ಲಿ ಅಸ್ತಿಗೆ ಹೋಗಿ ಬಂದೆ. ರೈಲಿನ ಬದಲಿಗೆಂದು ಕೊಟ್ಟ ಬಸ್ಸು. ಇಪ್ಪತ್ತೇಳು ವರ್ಷದಲ್ಲಿ ನಾನು ಹತ್ತಿದ್ದು ಇವತ್ತೇ ಮೊದಲು. ರೈಲು ನಲವತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು, ಇದಕ್ಕೆ ಒಂದು ಗಂಟೆ ಹತ್ತು ನಿಮಿಷ. ಪ್ರತಿ ಗುಡ್ಡವನ್ನೂ ಹತ್ತಿ, ಯಾರೂ ಕಾಯುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಇಳಿಯುತ್ತದೆ. ಒಳಗೆ ನಾನು, ಕಿವಿಗೆ ತಂತಿ ಸಿಕ್ಕಿಸಿಕೊಂಡ ಒಬ್ಬಳು ಹುಡುಗಿ, ಮುದುಕರಿಗೆ ಸ್ನಾನ ಮಾಡಿಸಲು ಹೋಗುವ ರುಮೇನಿಯಾದ ಇಬ್ಬರು ಹೆಂಗಸರು. ಚಾಲಕ ನನ್ನನ್ನು "ಅಜ್ಜಿ" ಎಂದ. ಶ್ರೀಮತಿ ರವಿನಾಲೆ ಎಂದು ತಿದ್ದಿದೆ. "ಆಯ್ತು, ಶ್ರೀಮತಿ ರವಿನಾಲೆ ಅಜ್ಜಿ, ಕಂಬಿ ಹಿಡ್ಕೊಳಿ," ಎಂದ.

ಅಚ್ಚಿನ ಮನೆಯವನಿಗೆ ನನ್ನ ಪರಿಚಯವಿದೆ. ನಮ್ಮ ಬಾಟಲಿಯ ಚೀಟಿಗಳನ್ನು ಅಚ್ಚು ಮಾಡುವವನು ಅವನೇ. ಆ ಹಾಳೆಗಳು ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ಲೇಖಕರ ಒಪ್ಪಿಗೆ ಬೇಕಲ್ಲ ಎಂದ. ಮೇಷ್ಟ್ರಿಗೆ ಫೋನು ಮಾಡಿಸಿದೆ. ಅಮ್ಮಾವ್ರು ಹೇಳಿದಂತೆ ಮಾಡಿ, ಬರೆದವನೆಂದು ನನ್ನ ಹೆಸರೂ ಇರಲಿ ಎಂದರಂತೆ. ಇಷ್ಟಾದರೂ ಮಾಡಿದರಲ್ಲ.

ನಿಂತುಕೊಂಡೇ ಹೇಳಿ ಬರೆಸಿದೆ:

"ಎಣಿಕೆ ಶುರುವಾದ ದಿನವೇ ಸೆಕೊಂಡಿನಾ ಗವೆಲ್ಲೊ ಪದ್ಧತಿಯಂತೆ ದೊಡ್ಡ ತೋಟದ ಅಂಗಳಕ್ಕೆ ಬಂದು ಸುದ್ದಿ ಮುಟ್ಟಿಸಿದಳು. ಅದನ್ನು ಕೇಳಿಸಿಕೊಂಡವಳು ಒಟ್ಟಾವಿಯಾ ರವಿನಾಲೆ. ಕೊಯ್ಲು ನಿಲ್ಲಬಾರದೆಂದೂ, ಗೇಟಿನವಳ ಮೇಲಿನ ಸಿಟ್ಟಿನಿಂದಲೂ, ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಮುಂದೆ ಊರು ಕೇಳಿದಾಗ ತನಗೆ ಯಾರೂ ಹೇಳಲಿಲ್ಲ ಎಂದಳು. ಅದು ಸುಳ್ಳು."

ಸಿಟ್ಟಿನ ಮಾತು ಮನೆಯಿಂದ ಹೊರಟಾಗ ಇರಲಿಲ್ಲ, ಬಸ್ಸಿನಲ್ಲಿ ಸೇರಿತು. ಕೊನೆಯ ಎರಡು ಪದ ಇಲ್ಲದಿದ್ದರೂ ಅರ್ಥವಾಗುತ್ತದೆ ಎಂದ ಅಚ್ಚಿನ ಮನೆಯವನು. ನಮ್ಮ ಊರಿನವರನ್ನು ನೀನು ಬಲ್ಲೆಯಾ ಎಂದೆ. ಇಟ್ಟುಕೊಂಡ.

ಬರುವಾಗ ಅದೇ ಬಸ್ಸು, ಅದೇ ಚಾಲಕ. ಹೇಳದೆಯೇ ಕಂಬಿ ಹಿಡಿದುಕೊಂಡೆ.

ನವೆಂಬರ್ 11. ಸಂತ ಮಾರ್ಟಿನನ ದಿನ

ಮುಗಿಯಿತು.

ಪೂಜೆಯಾದ ಮೇಲೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಪುಸ್ತಕ ಬಿಡುಗಡೆ. ಮೇಯರು ಉಕ್ಕಿನ ದಾರದ ಬಗ್ಗೆ ಮಾತಾಡಿದರು. ಆ ದಾರವನ್ನು ನಾನು ಹೊಡೆದುಹಾಕಿದ್ದೆ, ಮೇಷ್ಟ್ರು ಮತ್ತೆ ಸೇರಿಸಿದ್ದಾರೆ. ಸೆಕೊಂಡಿನಾ ಬರುವುದಿಲ್ಲ ಎಂದಿದ್ದಳು. ಬರದಿದ್ದರೆ ನಾನೇ ಬಂದು ಎಳೆದುಕೊಂಡು ಹೋಗುತ್ತೇನೆ ಎಂದು ಹೇಳಿಕಳಿಸಿದ್ದೆ. ಹತ್ತು ಗಂಟೆ ಎಂದರೆ ಹತ್ತಕ್ಕೆ ಸರಿಯಾಗಿ ಬಂದು ಬಾಗಿಲ ಬಳಿ ನಿಂತಳು.

ನಾನು ಎದ್ದು ಅರವತ್ತೊಂದನೆಯ ಪುಟ ಓದಿದೆ. ಓದಿ ಮುಗಿಸಿದಾಗ ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಲು ಹೋಗಿ ಅರ್ಧದಲ್ಲಿ ನಿಲ್ಲಿಸಿದರು. ದಾಲ್ಮಾಸೊ ನೆಲ ನೋಡುತ್ತಿದ್ದ. ಆಮೇಲೆ ಒಬ್ಬೊಬ್ಬರೇ ಬಾಗಿಲ ಕಡೆ ತಿರುಗಿದರು. ಬೇಕರಿಯವನ ಹೆಂಡತಿ ಎದ್ದು ಹೋಗಿ ಸೆಕೊಂಡಿನಾಳ ಕೈ ಹಿಡಿದುಕೊಂಡಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಸಾಲು. ಇಪ್ಪತ್ತೇಳು ವರ್ಷ ಮುಖ ತಿರುಗಿಸಿದವರು, ನಮಗೆ ಮೊದಲೇ ಅನುಮಾನವಿತ್ತು ಎಂದರು. ಎಂಥ ಜನ. ಇವರ ಮೇಲೆ ಅಧಿಕಾರ ನಡೆಸಿದ್ದನ್ನು ನಾನು ಇಷ್ಟು ದಿನ ದೊಡ್ಡದೆಂದುಕೊಂಡಿದ್ದೆ.

ಸೆಕೊಂಡಿನಾ ಎಲ್ಲರ ಕೈಯನ್ನೂ ಕುಲುಕಿದಳು.

ಜನ ಕರಗಿದ ಮೇಲೆ ಅವಳ ಕೈಗೆ ಕಾಗದ ಕೊಟ್ಟೆ. ಶುಕ್ರವಾರ ಮತ್ತೆ ಬಸ್ಸಿನಲ್ಲಿ ಹೋಗಿ ನೋಟರಿಯ ಬಳಿ ಮಾಡಿಸಿಕೊಂಡು ಬಂದದ್ದು. ಹಾದಿಯ ನೆಲ ಊರಿಗೆ, ಗೇಟಿನ ಮನೆಯೂ ಹಿತ್ತಿಲೂ ಸೆಕೊಂಡಿನಾ ಗವೆಲ್ಲೊಗೆ. ಇರಲು ಬಿಟ್ಟದ್ದಲ್ಲ, ಪೂರ್ತಿ ಅವಳದೇ. ಬೇಕಾದರೆ ಇರಲಿ, ಬೇಕಾದರೆ ಮಾರಿ ಕನೆಲ್ಲಿಗೆ ಹೋಗಲಿ, ಬೇಕಾದರೆ ನಾನು ಬಂದಾಗ ಬಾಗಿಲು ಹಾಕಿಕೊಳ್ಳಲಿ. ಅವಳು ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಿಂತೇ ಓದಿದಳು. ನಾನು ಕಾದೆ. ಹನ್ನೊಂದು ನಿಮಿಷಕ್ಕಿಂತ ಹೆಚ್ಚೇ ಆಯಿತು.

"ಮುದ್ರೆ ಸರಿಯಾಗಿದೆ," ಎಂದಳು. ಕಾಗದ ಮಡಚಿ ಒಳಗಿಟ್ಟುಕೊಂಡಳು. "ಮಂಚ ಮತ್ತೆ ಜೋಡಿಸ್ಬೇಕು. ಒಬ್ಬಳ ಕೈಲಿ ಆಗಲ್ಲ."

ನಮ್ಮ ಇಬ್ಬರು ಆಳುಗಳನ್ನು ಕಳಿಸಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ದಾಲ್ಮಾಸೊಗೆ ಮನೆಯ ವಿಷಯ ತಿಳಿಸಿದೆ. ಅವನು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದ. ನನ್ನನ್ನು ಕೇಳಬೇಕಿತ್ತು ಎಂದ. ಸಹಿಯಾಗಿದೆ ಎಂದೆ. ಸೂಪು ಆರುತ್ತಿದೆ, ಕುಡಿ ಎಂದೆ.